ಗೆಳೆಯನಿಗೊಂದು ಪತ್ರ: ಗಿರಣಿಯ ಮೊದಲ ಪಾಳಿ

ಪ್ರೀತಿಯ ದೋಸ್ತ,

ಗೋಧಿಯ ಸಿಹಿ ಮಾದಲಿಯನ್ನು ಯಾಕೆ ಬಿಟ್ಟೆ ಎಂದು ಫೋನಿನಲ್ಲಿ ನೀನು ಕೇಳಿದ್ದಕ್ಕೆ ಇಲ್ಲಿ, ನಾಲ್ಕು ಜನರ ಎದುರಿಗೆ ಉತ್ತರ ಬರೆಯುತ್ತಿದ್ದೇನೆ. ಉಳಿದವರಿಗೂ ತಿಳಿಯಲಿ ಎಂಬ ನೆಪ ಇದೆ, ಮಂದಿಯ ಮುಂದೆ ನೀನು ಬೈಯಲಾರೆ ಎಂಬ ಲೆಕ್ಕವೂ ಇದೆ. ಹೌದು, ಈ ಸಲ ಸಂಕ್ರಮಣದಲ್ಲಿ ನಾನು ಮಾದಲಿ ಮುಟ್ಟಲಿಲ್ಲ. ನೀನಾದರೂ ಇದನ್ನು ನಂಬಬೇಕು.

ನನಗಿರುವುದು ಸೀಲಿಯಾಕ್ ಎಂಬ ಕಾಯಿಲೆ. ಇದು ಅಲರ್ಜಿಯೂ ಅಲ್ಲ, ಅಜೀರ್ಣವೂ ಅಲ್ಲ. ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದರೆ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಮೇಲೆ ಎರಗುತ್ತದೆ. ಉಂಡದ್ದರ ಸತ್ವ ಹೀರುವ ಬೆರಳಿನಂಥ ಸೂಕ್ಷ್ಮ ಎಳೆಗಳು ಸವೆದು, ಸುಗ್ಗಿ ಮುಗಿದ ಹೊಲದಲ್ಲಿ ಕೂಳೆ ಉಳಿದಂತಾಗುತ್ತದೆ. ಆರು ವರ್ಷ ಕಬ್ಬಿಣದ ಮಾತ್ರೆ ನುಂಗಿದರೂ ನನ್ನ ಹಿಮೋಗ್ಲೋಬಿನ್ 9 ದಾಟಲಿಲ್ಲ. ಹೊಟ್ಟೆಯುಬ್ಬರಕ್ಕೆ ಎಲ್ಲರೂ ಗ್ಯಾಸ್ ಎಂದರು, ನಾನೂ ನಂಬಿ ಸೋಡಾ ಕುಡಿದೆ. ಕೊನೆಗೆ ಹುಬ್ಬಳ್ಳಿಯ ವೈದ್ಯರೊಬ್ಬರು ನನ್ನ ಹಳೆಯ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಮೇಜಿನ ಮೇಲೆ ಹರಡಿ, "ಇಷ್ಟು ಕಬ್ಬಿಣ ಎಲ್ಲಿ ಹೋಯಿತು?" ಎಂದು ಕೇಳಿದರು. ಆರು ವರ್ಷಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆ.

ರಕ್ತದಲ್ಲಿ ಈ ಕಾಯಿಲೆಯಿದ್ದಾಗ ಏರುವ ಟಿಟಿಜಿ-ಐಜಿಎ ಎಂಬ ಪ್ರತಿಕಾಯವನ್ನೂ, ಐಜಿಎ ಎಂಬ ಆ ಬಗೆಯ ಎಲ್ಲ ಪ್ರತಿಕಾಯಗಳ ಒಟ್ಟು ಪ್ರಮಾಣವನ್ನೂ ನೋಡಿದರು. ಒಟ್ಟಿನದೇ ಕಡಿಮೆಯಿದ್ದರೆ ಮೊದಲಿನ ಪರೀಕ್ಷೆಯನ್ನು ನಂಬುವಂತಿಲ್ಲ. ಆಮೇಲೆ ಎಂಡೋಸ್ಕೋಪಿ ಮಾಡಿ ಕರುಳಿನ ನಾಲ್ಕಾರು ಚೂರು ತೆಗೆದರು. ಎಲ್ಲ ಮುಗಿಯುವವರೆಗೆ ಚಪಾತಿ ಬಿಡಕೂಡದು ಎಂದು ತಾಕೀತು ಮಾಡಿದ್ದರು. ಗೋಧಿ ಬಿಟ್ಟರೆ ಪ್ರತಿಕಾಯ ಇಳಿಯುತ್ತದೆ, ಕರುಳು ಮಾಯುತ್ತದೆ, ರೋಗವಿದ್ದರೂ ಕಾಣುವುದಿಲ್ಲ. ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆಗೆ ಗೋಧಿಯ ಮೇಲೆ ಮೊದಲೇ ಇದ್ದ ಗುಮಾನಿ ಗಟ್ಟಿಯಾದದ್ದೂ ಹೆಚ್ಚುಕಡಿಮೆ ಹೀಗೆಯೇ: ಯುದ್ಧದ ನಡುವಿನ 1944-45ರ ಹಸಿವಿನ ಚಳಿಗಾಲದಲ್ಲಿ ಬ್ರೆಡ್ ಸಿಗದಾದಾಗ ಈ ಕಾಯಿಲೆಯ ಮಕ್ಕಳು ಸುಧಾರಿಸಿದರು, ಬ್ರೆಡ್ ಮರಳಿದಾಗ ಮತ್ತೆ ಹಾಸಿಗೆ ಹಿಡಿದರು.

ರೋಗ ಖಾತ್ರಿಯಾಗಿ ಗೋಧಿ ಬಿಡಬೇಕಾದಾಗ, ಜೋಳದ ರೊಟ್ಟಿಯ ಸೀಮೆಯಲ್ಲಿ ಹುಟ್ಟಿದ ನನಗೆ ಇದೇನು ಮಹಾ ಎಂದು ಬೀಗಿದ್ದೆ. ಗಿರಣಿಗೆ ಹೋದಾಗ ಬೀಗು ಇಳಿಯಿತು. ನನ್ನ ಮುಂದಿದ್ದವರ ಜವೆ ಗೋಧಿ ಬೀಸಿದ ಕಲ್ಲಿಗೇ ನನ್ನ ಜೋಳ ಸುರಿದರು. ಹಿಟ್ಟು ಇಳಿಯುವ ಬಟ್ಟೆಯ ತೋಳನ್ನು ಹುಡುಗ ಎರಡು ಸಲ ಬಡಿದಾಗ ನನ್ನ ಡಬ್ಬಿಗೆ ಮೊದಲು ಬಿದ್ದದ್ದು ಅವರ ಗೋಧಿ. ಈಗ ಕಲ್ಲು ತೊಳೆಸಿದ ದಿನವೇ, ಮುಂಜಾನೆ, ಮೊದಲ ಪಾಳಿ ನನ್ನದು. ಮೊದಲು ಬಿದ್ದ ಒಂದು ಸೇರು ಹಿಟ್ಟು ಎಮ್ಮೆಗೆ. ಒಗ್ಗರಣೆಯ ಇಂಗಿನಲ್ಲೂ ಗೋಧಿ ಹಿಟ್ಟು ಬೆರೆಸಿರುತ್ತಾರೆ ಎಂದು ತಿಳಿದ ದಿನವಂತೂ ನನಗೆ ನಮ್ಮ ಅಡುಗೆಮನೆಯೇ ಪರಕೀಯವಾಯಿತು.

ಇಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ. ಆದರೆ ಒಂದು ಸಂಗತಿ ಎದೆಯಲ್ಲಿ ಕುಳಿತಿದೆ. ಈ ಕಾಯಿಲೆ ಮನೆತನದಲ್ಲಿ ಹರಿದು ಬರುತ್ತದೆ. ರೋಗಿಯ ಮಕ್ಕಳು, ಒಡಹುಟ್ಟಿದವರು ಲಕ್ಷಣವಿಲ್ಲದಿದ್ದರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ನನ್ನ ಮಗಳು ಶಾಲೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಾಳೆ, ಕುಳ್ಳಗಿರುವುದರಿಂದ. ವೈದ್ಯರು ಅವಳನ್ನು ಕರೆತನ್ನಿ ಎಂದು ಎಂಟು ತಿಂಗಳಾಯಿತು. ಪ್ರತಿ ತಿಂಗಳೂ ನನಗೆ ಒಂದು ಕಾರಣ ಸಿಕ್ಕಿದೆ: ಶಾಲೆಯ ಪರೀಕ್ಷೆ, ಜಾತ್ರೆ, ನೆಗಡಿ. ಹೋದ ವಾರ ಹೆಂಡತಿ, ಎರಡೆರಡು ಅಡುಗೆಯ ರಗಳೆಯೇ ಬೇಡ, ಮನೆಯಲ್ಲಿ ಯಾರಿಗೂ ಗೋಧಿ ಬೇಡ ಎಂದಳು. ಹಾಗೆ ಮಾಡಿದರೆ ಮಗಳ ಪರೀಕ್ಷೆಗೆ ಅರ್ಥವೇ ಉಳಿಯುವುದಿಲ್ಲ ಎಂದು ಆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬನಿಗೆ. ನಾನು ತಲೆಯಾಡಿಸಿದೆ, ದೋಸ್ತ. ಆ ಕ್ಷಣಕ್ಕೆ ಹಗುರವೂ ಎನ್ನಿಸಿತು. ಗೊತ್ತಾಗದೆ ಉಳಿದರೆ ಅದು ನಾನು ಕೊಟ್ಟದ್ದಾಗುವುದಿಲ್ಲವಲ್ಲ.

ಇದನ್ನು ಬರೆಯಬೇಕೆಂದು ಕುಳಿತವನಲ್ಲ ನಾನು. ಇರಲಿ, ಇಂದು ಬೆಳಿಗ್ಗೆ ಅವಳ ಡಬ್ಬಿಗೆ ಎರಡು ಚಪಾತಿ ನಾನೇ ಲಟ್ಟಿಸಿದೆ. ಆಕಾರ ಹಾವೇರಿ ಜಿಲ್ಲೆಯ ನಕಾಶೆಯಂತಿತ್ತು. ಕೈ ಮೂರು ಸಲ ತೊಳೆದುಕೊಂಡೆ. ಸೋಮವಾರ ಹುಬ್ಬಳ್ಳಿಗೆ ಹೊರಟಿದ್ದೇವೆ. ಸ್ಟೇಶನ್ನಿಗೆ ಬಾ.

ನಿನ್ನ,
ಗೋಧಿವೈರಿ