ಮೊದಲು ಗಿಡ, ಆಮೇಲೆ ಮೀನು

ಮಾನ್ಯ ಸಂಪಾದಕರೇ,

ಮಕ್ಕಳ ಹಟಕ್ಕೆ ಮಣಿದು ಗಾಜಿನ ತೊಟ್ಟಿಯನ್ನೂ ಮೀನುಗಳನ್ನೂ ಒಂದೇ ಸಂಜೆ ತಂದ ನಾನು ವಾರದೊಳಗೆ ಆರು ಮೀನುಗಳನ್ನು ಕಳೆದುಕೊಂಡೆ. ಮೀನಿನ ತ್ಯಾಜ್ಯದಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ಮೊದಲು ನೈಟ್ರೈಟ್, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕೆಂಬುದನ್ನು ಅಂಗಡಿಯವರು ಹೇಳಲಿಲ್ಲ, ನಾನೂ ಕೇಳಲಿಲ್ಲವೆನ್ನಿ.

ಈಗ 40 ಲೀಟರಿನ ಅದೇ ತೊಟ್ಟಿಯಲ್ಲಿ, ಕ್ಲೋರಿನ್ ನಿವಾರಿಸಿದ ನೀರಿನಲ್ಲಿ, ಗಿಡಗಳು ಮಾತ್ರ ಇವೆ: ಮರಳಿನಲ್ಲಿ ವ್ಯಾಲಿಸ್ನೇರಿಯಾ ಮತ್ತು ಕೊರಡಿಗೆ ದಾರದಿಂದ ಕಟ್ಟಿದ ಜಾವಾ ಫರ್ನ್. ಫರ್ನ್‌ನ ದಪ್ಪ ಬೇರುಕಾಂಡವನ್ನು ಮರಳಿನಲ್ಲಿ ಹೂತರೆ ಕೊಳೆಯುತ್ತದೆ ಎಂಬುದನ್ನೂ ಒಂದು ಗಿಡ ಕೊಳೆಸಿಯೇ ಕಲಿತೆ.

ಮೀನು ಮಾರುವ ಅಂಗಡಿಗಳು ಈ ಕಾಯುವ ಅವಧಿಯನ್ನು ಗ್ರಾಹಕರಿಗೆ ಕಾಣುವಂತೆ ಕನ್ನಡದಲ್ಲಿ ಬರೆದು ಹಾಕಬೇಕೆಂದು ಕೋರುತ್ತೇನೆ.

– ಓದುಗ, ಮೈಸೂರು