ಗೊತ್ತಿರುವಷ್ಟನ್ನು ಗಟ್ಟಿಯಾಗಿ ಹಿಡಿದುಕೊ

ಪ್ರೀತಿಯ ಮಗೂ,

ನಿನ್ನ ಕಾಗದ ಓದಿದೆ. ಜೊತೆಗೆ ಕಳಿಸಿದ ಪುಟಗಳನ್ನೂ ಓದಿದೆ. 'ಕೆಲಸ ಇರುತ್ತೋ ಇಲ್ವೋ ಗೊತ್ತಿಲ್ಲ, ಅಣ್ಣ ಮೊದಲಿನ ಹಾಗಿಲ್ಲ, ಮುಂದೇನು ಅಂತ ತಲೆಬುಡ ತಿಳಿಯುತ್ತಿಲ್ಲ. ಇಂಥ ಹೊತ್ತಲ್ಲಿ ಏನನ್ನು ನಂಬಿ ಬರೆಯಲಿ?' ಅಂತ ಕೇಳಿದ್ದೀಯ. ಉತ್ತರ ನಿನ್ನ ಮೂರನೇ ಪುಟದಲ್ಲೇ ಇದೆ. ಗಮನಿಸದೆ ದಾಟಿ ಹೋಗಿದ್ದೀಯ ಅನ್ನಿಸಿತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅಲ್ಲಿ ನೀನು ಬರೆದದ್ದು ಹೀಗಿದೆ: 'ಮೊದಲೆಲ್ಲ ಫೋನ್ ಇಡುತ್ತಿದ್ದದ್ದು ಅಣ್ಣನೇ. ಈಗ ನಾನು ಇಡುವವರೆಗೂ ಸುಮ್ನೆ ಲೈನಲ್ಲೇ ಇರುತ್ತಾನೆ.' ಓದುತ್ತಿದ್ದ ಹಾಗೇ ನಿನ್ನ ಅಣ್ಣ ನನ್ನೆದುರು ಬಂದು ನಿಂತ. ಆದರೆ ನೀನು ಅಲ್ಲಿ ನಿಲ್ಲಲಿಲ್ಲ. ಅದರ ಬೆನ್ನಿಗೇ 'ಅವನಿಗೆ ಒಳಗೊಳಗೇ ಪಶ್ಚಾತ್ತಾಪ ಕಾಡುತ್ತಿರಬೇಕು' ಅಂತ ಶುರು ಮಾಡಿ, ಸಂಬಂಧ, ಕಾಲ, ಕ್ಷಮೆ ಅಂತ ಒಂದಿಡೀ ಪುಟ ತುಂಬಿಸಿದ್ದೀಯ. ಪಶ್ಚಾತ್ತಾಪ ಅಂತ ನಿನಗೆ ಹೇಗೆ ಗೊತ್ತು ಮಗೂ? ಅವನು ಹೇಳಿದನಾ? ಇಲ್ಲ ಅಲ್ವಾ. ಮತ್ತೇನೋ ಹೇಳುವುದಿರಬಹುದು, ಸುಸ್ತಾಗಿರಬಹುದು, ನಿನ್ನ ಬಗ್ಗೆ ಭಯವಿರಬಹುದು. ಅವನು ಫೋನ್ ಇಡುವುದಿಲ್ಲ ಅನ್ನುವುದಷ್ಟೇ ನಿನಗೆ ಗೊತ್ತು. ಅದು ನಿಜ. ನಿನ್ನ ಕಿವಿಯೇ ಸಾಕ್ಷಿ.

ಬದುಕು ಗೋಜಲಾದಾಗ ದೊಡ್ಡದೊಂದು ಉತ್ತರಕ್ಕಾಗಿ ಮನಸ್ಸು ಹಾತೊರೆಯುತ್ತದೆ. ಕೈಗೆ ಸಿಗುವುದು ಇಂಥ ಚೂರುಪಾರು. ಅದು ಸಾಲದು ಅನ್ನಿಸಿ ನಾವೇ ಅರ್ಥ ಸೇರಿಸಲು ಹೊರಡುತ್ತೇವೆ. ಎಳೆಯರ ಬರಹ ಸಡಿಲವಾಗುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಇಲ್ಲೇ. ಕಾರಣ ಗೊತ್ತಿಲ್ಲವಾ, ಗೊತ್ತಿಲ್ಲ ಅಂತಲೇ ಬರೆ. ಓದುವವರಿಗೂ ತಮ್ಮ ಮನೆಯವರ ಬಗ್ಗೆ ಗೊತ್ತಿಲ್ಲದ್ದು ಬೇಕಾದಷ್ಟಿರುತ್ತದೆ. ಅವರು ನಿನ್ನನ್ನು ನಂಬುತ್ತಾರೆ.

ಹಾಗಂತ 'ನನಗೆ ಖಂಡಿತ ಗೊತ್ತು' ಅನ್ನುವ ಗಟ್ಟಿ ಅನಿಸಿಕೆಯನ್ನೇ ನೆಚ್ಚಿ ಕೂರಬೇಡ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಮೇಲೇರಿದ 73 ಸೆಕೆಂಡಿಗೆ ಚೂರುಚೂರಾಯಿತು. ಉಲ್ರಿಕ್ ನೈಸರ್ ಅನ್ನುವ ಮನಶ್ಶಾಸ್ತ್ರಜ್ಞರು ಮರುದಿನವೇ ವಿದ್ಯಾರ್ಥಿಗಳಿಂದ ಬರೆಸಿಟ್ಟುಕೊಂಡರು: ಸುದ್ದಿ ಕೇಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು, ಏನು ಮಾಡುತ್ತಿದ್ದಿರಿ. ಎರಡೂವರೆ ವರ್ಷ ಕಳೆದ ಮೇಲೆ ಅವರಲ್ಲಿ ಹಲವರನ್ನು ಮತ್ತೆ ಅದೇ ಕೇಳಿದರು. ಸುಮಾರು ಕಾಲು ಭಾಗದಷ್ಟು ಮಂದಿ ಮುಖ್ಯ ವಿಷಯಗಳನ್ನೆಲ್ಲ ತಪ್ಪಾಗಿ ಹೇಳಿದರು. ತಪ್ಪು ಹೇಳಿದವರಲ್ಲೂ ಹಲವರಿಗೆ ತಮ್ಮ ನೆನಪಿನ ಬಗ್ಗೆ ಪೂರ್ತಿ ಭರವಸೆ. ತಮ್ಮದೇ ಕೈಬರಹ ಮುಂದಿಟ್ಟಾಗಲೂ ಹಳೆಯದು ನೆನಪಿಗೆ ಬರಲಿಲ್ಲ. ಆ ಹುಡುಗರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ತಿಳಿಯದ ಹಾಗೆ ನೆನಪು ಬದಲಾಗಿಬಿಟ್ಟಿತ್ತು.

ಅದಕ್ಕೇ ಹೇಳುತ್ತೇನೆ, ಕಂಡದ್ದನ್ನು ಅವತ್ತೇ ಬರೆದಿಡು. ಮಲಗುವ ಮುಂಚೆ ಎರಡು ಮೂರು ಸಾಲು ಸಾಕು. ತಾರೀಖು ಹಾಕು. ಏನನ್ನಿಸಿತು ಅನ್ನುವುದು ಕಡಿಮೆ ಇರಲಿ, ಏನು ಕಂಡೆ, ಏನು ಕೇಳಿಸಿತು ಅನ್ನುವುದು ಜಾಸ್ತಿ ಇರಲಿ. ನೀನು ನಂಬಿದ್ದಕ್ಕೆ ಒಗ್ಗದ್ದೇನಾದರೂ ಕಂಡರೆ ಅದನ್ನು ಎಲ್ಲಕ್ಕಿಂತ ಮೊದಲು ಬರೆ. ಡಾರ್ವಿನ್ ಇದನ್ನು ವರ್ಷಗಟ್ಟಲೆ ಪಾಲಿಸಿದ್ದರು. ತಮ್ಮ ತೀರ್ಮಾನಕ್ಕೆ ಎದುರಾದ ಸಂಗತಿ ಸಿಕ್ಕಿದರೆ ತಡಮಾಡದೆ ಗುರುತು ಹಾಕಿಕೊಳ್ಳುತ್ತಿದ್ದರು. ಅಂಥವೇ ಬೇಗ ಮರೆತುಹೋಗುತ್ತವೆ ಅಂತ ಅವರಿಗೆ ಅನುಭವದಿಂದ ಗೊತ್ತಾಗಿತ್ತು. ಅಣ್ಣ ನಿನ್ನ ಮೇಲೆ ರೇಗಿದ ದಿನವನ್ನೂ ಬರೆದಿಡು. ಅವನೇ ಮೊದಲು ಫೋನ್ ಇಟ್ಟ ದಿನ ಬಂದರೆ ಅದನ್ನಂತೂ ಬಿಡಲೇಬೇಡ.

'ಹಾಗೇನಿಲ್ಲ, ನಿನಗೆ ಸುಮ್ನೆ ಹಾಗನ್ನಿಸಿದೆ' ಅಂತ ಮನೆಯವರು ಅಂದಾಗ ನಿನ್ನ ಮೇಲೇ ನಿನಗೆ ಅನುಮಾನ ಬರುತ್ತದೆ ಅಂದಿದ್ದೀಯ. ಅವರು ನಿನ್ನ ಊಹೆಯ ಬಗ್ಗೆ ಹಾಗಂದರೆ ಕೇಳಿಸಿಕೊ, ಅವರದೇ ಸರಿಯಿರಬಹುದು. ನೀನು ಕಣ್ಣಾರೆ ಕಂಡು ಅವತ್ತೇ ಬರೆದಿಟ್ಟದ್ದರ ಬಗ್ಗೆ ಅಂದರೆ ಜಗಳಕ್ಕೆ ಹೋಗಬೇಡ, ಬರೆದದ್ದನ್ನು ಅಳಿಸಲೂ ಬೇಡ.

ಕೆಲಸದ ವಿಷಯ ಏನಾಗುತ್ತದೋ ನಾನು ಹೇಳಲಾರೆ. ಅದು ಇತ್ಯರ್ಥವಾಗಲಿ, ಆಮೇಲೆ ಬರೆಯುತ್ತೇನೆ ಅಂತ ಮಾತ್ರ ಕಾಯಬೇಡ. ಈ ಅನಿಶ್ಚಿತ ದಿನಗಳಲ್ಲಿ ನೀನು ಹೇಗೆ ಎದ್ದೆ, ಯಾವ ಫೋನಿಗೆ ಹೆದರಿದೆ, ಯಾರ ಜೊತೆ ಮಾತು ತಪ್ಪಿಸಿದೆ ಅನ್ನುವುದನ್ನು ಆಮೇಲೆ ಕೂತು ನೆನಪಿಸಿಕೊಳ್ಳಲು ಆಗುವುದಿಲ್ಲ.

'ಅಣ್ಣ ಇದನ್ನು ಓದಿದರೆ?' ಅಂತ ಕೊನೆಯಲ್ಲಿ ಕೇಳಿದ್ದೀಯ. ನಿನಗೆ ಅದೇ ಎಲ್ಲಕ್ಕಿಂತ ದೊಡ್ಡ ಚಿಂತೆ ಅಂತ ನನಗೆ ಗೊತ್ತು. ಅಚ್ಚಿಗೆ ಕೊಡುವ ಮೊದಲು ಅವನಿಗೆ ತೋರಿಸು. ಪಶ್ಚಾತ್ತಾಪದ ಆ ಪುಟ ಹಾಗೇ ಇದ್ದರೆ ಅವನಿಗೆ ನೋವಾಗುತ್ತದೆ. ತನ್ನ ಮನಸ್ಸಿನಲ್ಲಿ ಏನಿದೆ ಅಂತ ತಂಗಿ ತನ್ನನ್ನು ಕೇಳದೆಯೇ ಊರಿಗೆಲ್ಲ ಹೇಳಿದಳು ಅನ್ನಿಸುತ್ತದೆ. ಅವನು ಮಾಡುವುದನ್ನಷ್ಟೇ ಬರೆದಿದ್ದರೆ ಬೇಡ ಅನ್ನಬಹುದು, ಸುಳ್ಳು ಅನ್ನಲಾರ. ಬೇಡ ಅಂದರೆ ಸದ್ಯಕ್ಕೆ ಎತ್ತಿಟ್ಟು ಬೇರೆಯದನ್ನು ಬರೆ. ಓದಿದ ಮೇಲೆ ಅವನೇ ಕಾರಣ ಹೇಳಿದರೂ ಹೇಳಬಹುದು. ಆಗ ಅದನ್ನು ಬರಹಕ್ಕೆ ಸೇರಿಸುವ ಅವಸರ ಬೇಡ. ಮೊದಲು ತಂಗಿಯಾಗಿ ಕೇಳಿಸಿಕೊ.

ತಿದ್ದಿದ ಪುಟಗಳನ್ನು ಕಳಿಸು.

ಪ್ರೀತಿಯಿಂದ,
ನಿನ್ನ ಹಿರಿಯ ಗೆಳತಿ