ಗರ್ಭಿಣಿಯರ ಕೊಲೆಸ್ಟ್ರಾಲ್: ವರದಿಯ ಕೆಂಪಕ್ಷರ ಹೇಳದ ಸಂಗತಿ

ಮಾನ್ಯ ಸಂಪಾದಕರೇ,

ಖಾಸಗಿ ಪ್ರಯೋಗಾಲಯಗಳು ಗರ್ಭಿಣಿಯರಿಗೆಂದು ಮಾರುವ ‘ಪ್ಯಾಕೇಜ್’ಗಳಲ್ಲಿ ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ಪರೀಕ್ಷೆಗಳ ಜೊತೆಗೆ ರಕ್ತದಲ್ಲಿನ ಕೊಬ್ಬಿನಂಶಗಳನ್ನು ಅಳೆಯುವ ಲಿಪಿಡ್ ಪ್ರೊಫೈಲನ್ನೂ ಸೇರಿಸುವುದು ಈಚೆಗೆ ಅಲ್ಲಲ್ಲಿ ಕಾಣಿಸುತ್ತಿದೆ. ಪರೀಕ್ಷೆ ಮಾಡುವುದಕ್ಕೆ ನನ್ನ ತಕರಾರಿಲ್ಲ. ಬಂದ ಅಂಕಿಯನ್ನು ಬಸುರಿಯಲ್ಲದವರ ಮಿತಿಗೆ ಹೋಲಿಸಿ, ‘ಹೆಚ್ಚು’ ಎಂದು ಕೆಂಪಕ್ಷರದಲ್ಲಿ ಮುದ್ರಿಸಿ, ಒಂದು ಸಾಲಿನ ವಿವರಣೆಯೂ ಇಲ್ಲದೆ ಮೊಬೈಲಿಗೆ ಕಳುಹಿಸಿಬಿಡುವುದಕ್ಕೆ ನನ್ನ ಆಕ್ಷೇಪವಿದೆ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಜೀವರಸಾಯನಶಾಸ್ತ್ರ ಪಾಠ ಮಾಡಿದವಳಾಗಿ ಈ ಕುರಿತು ನಾಲ್ಕು ಮಾತು ಬರೆಯುವುದು ಅಗತ್ಯವೆನಿಸಿತು.

ಹತ್ತಿರದ ನೆಂಟರ ಮಗಳೊಬ್ಬಳ ವರದಿ ನನ್ನ ಮುಂದಿದೆ. ಏಳು ತಿಂಗಳು ತುಂಬಿದ ಆಕೆಯ ಒಟ್ಟು ಕೊಲೆಸ್ಟ್ರಾಲ್ ಡೆಸಿಲೀಟರಿಗೆ 258, ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 214 ಮಿಲಿಗ್ರಾಂ ಎಂದಿದ್ದು, ಎದುರಿನ ಅಂಕಣದಲ್ಲಿ ‘200ಕ್ಕಿಂತ ಕಡಿಮೆ’, ‘150ಕ್ಕಿಂತ ಕಡಿಮೆ’ ಎಂಬ ಮಿತಿಗಳಿವೆ. ರಕ್ತದೊತ್ತಡ ಸರಿಯಿತ್ತು, ಸಕ್ಕರೆ ಸರಿಯಿತ್ತು, ಮಗುವಿನ ಬೆಳವಣಿಗೆಯೂ ಸರಿಯಿತ್ತು. ಆದರೂ ಅಂದಿನಿಂದ ಆಕೆಯ ತಟ್ಟೆಗೆ ತುಪ್ಪ ಬೀಳುವುದು ನಿಂತಿತು, ಹಾಲಿಗೆ ನೀರು ಬೆರೆಯಿತು, ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಯಲ್ಲಿ ಸಿಗುವ ಮೊಟ್ಟೆ ಪಕ್ಕದ ಮನೆಯ ಹುಡುಗನ ಪಾಲಾಯಿತು. ಕೊನೆಯ ಮೂರು ತಿಂಗಳಲ್ಲಿ ಆರೋಗ್ಯವಂತ ಗರ್ಭಿಣಿಯರ ಒಟ್ಟು ಕೊಲೆಸ್ಟ್ರಾಲ್ ಸುಮಾರು 220ರಿಂದ 350ರವರೆಗೂ ಟ್ರೈಗ್ಲಿಸರೈಡ್ ಸುಮಾರು 130ರಿಂದ 450ರವರೆಗೂ ಇರಬಹುದೆಂದು ಪ್ರಸೂತಿಶಾಸ್ತ್ರದ ಕೋಷ್ಟಕಗಳೇ ಹೇಳುತ್ತವೆ. ಆ ಲೆಕ್ಕದಲ್ಲಿ ಈಕೆಯ ಎರಡೂ ಅಂಕಿಗಳು ಸಹಜ. ಒಟ್ಟು ಕೊಲೆಸ್ಟ್ರಾಲ್ 190 ಎಂದು ಬಂದಿದ್ದರೆ ಪ್ರಯೋಗಾಲಯ ಸುಮ್ಮನಿರುತ್ತಿತ್ತು, ನಾನು ಮಾತ್ರ ವರದಿಯನ್ನು ಇನ್ನೊಮ್ಮೆ ತಿರುಗಿಸಿ ನೋಡುತ್ತಿದ್ದೆ.

ಈ ಏರಿಕೆ ತುಪ್ಪದಿಂದ ಬಂದದ್ದಲ್ಲ. ಬಸಿರಿನ ಮೊದಲ ವಾರಗಳಲ್ಲಿ ರಕ್ತದ ಕೊಲೆಸ್ಟ್ರಾಲ್ ತುಸು ಇಳಿಯುತ್ತದೆ. ಆಮೇಲೆ ಏರತೊಡಗಿ, ದಿನ ತುಂಬುವ ಹೊತ್ತಿಗೆ ಮೊದಲಿನ ಮಟ್ಟಕ್ಕಿಂತ ಶೇ 30ರಿಂದ 50ರಷ್ಟು ಹೆಚ್ಚಿರುತ್ತದೆ, ಟ್ರೈಗ್ಲಿಸರೈಡ್ ಎರಡು ಮೂರು ಪಟ್ಟಾಗಿರುತ್ತದೆ. ಹೆಚ್ಚುತ್ತಲೇ ಹೋಗುವ ಈಸ್ಟ್ರೊಜೆನ್ ಹಾರ್ಮೋನು ಯಕೃತ್ತಿನಿಂದ ಹೆಚ್ಚು ಹೆಚ್ಚು ಕೊಬ್ಬಿನ ಕಣಗಳನ್ನು ರಕ್ತಕ್ಕೆ ಬಿಡಿಸುತ್ತದೆ. ಮೊದಲ ಆರು ತಿಂಗಳು ಮೈಯಲ್ಲಿ ಕೂಡಿಟ್ಟ ಕೊಬ್ಬು, ಕೊನೆಯ ಮೂರು ತಿಂಗಳಲ್ಲಿ ಇನ್ಸುಲಿನ್‌ನ ಹಿಡಿತ ಸಡಿಲವಾದಂತೆ ಕರಗಿ ಹೊರಬರುತ್ತದೆ. ತಾಯಿಯ ದೇಹ ಆ ಕೊಬ್ಬನ್ನು ಉರಿಸಿಕೊಂಡು, ಗ್ಲೂಕೋಸನ್ನು ಮಗುವಿಗೆಂದು ಉಳಿಸುತ್ತದೆ. ಇಂಥ ಏರ್ಪಾಟನ್ನು ಪಥ್ಯದಿಂದ ಸರಿಪಡಿಸಲು ಹೊರಡುವುದಕ್ಕೆ ಅರ್ಥವಿಲ್ಲ. ಹಾಗೆಂದು ಸೌಟುಗಟ್ಟಲೆ ತುಪ್ಪ ಸುರಿಯುವ, ‘ಇಬ್ಬರ ಊಟ ಉಣ್ಣು’ ಎಂದು ಒತ್ತಾಯಿಸುವ ಹಿರಿಯರ ಪಕ್ಷವನ್ನು ನಾನು ವಹಿಸುತ್ತಿಲ್ಲ.

ಬಸಿರು ನಿಲ್ಲುವುದಕ್ಕೇ ಕೊಲೆಸ್ಟ್ರಾಲ್ ಬೇಕು. ಎರಡನೇ ತಿಂಗಳ ಕೊನೆಯ ಹೊತ್ತಿಗೆ ಅಂಡಾಶಯದ ಕೈಯಿಂದ, ಬಸಿರನ್ನು ಕಾಯುವ ಹಾರ್ಮೋನಾದ ಪ್ರೊಜೆಸ್ಟೆರಾನ್ ತಯಾರಿಯ ಹೊಣೆ ಮಾಸುಚೀಲಕ್ಕೆ ಬರುತ್ತದೆ. ಮಾಸುಚೀಲ ತನಗೆ ಬೇಕಾದ ಕೊಲೆಸ್ಟ್ರಾಲನ್ನು ಬಹುಪಾಲು ತಾನೇ ತಯಾರಿಸಿಕೊಳ್ಳುವುದಿಲ್ಲ. ಕೊಲೆಸ್ಟ್ರಾಲನ್ನು ಹೊತ್ತು ಸಾಗುವ, ನಾವು ‘ಕೆಟ್ಟದ್ದು’ ಎಂದು ಹೆಸರಿಟ್ಟಿರುವ ಎಲ್‌ಡಿಎಲ್ ಕಣಗಳನ್ನು ತಾಯಿಯ ರಕ್ತದಿಂದ ಎಳೆದುಕೊಂಡು ಅದರಿಂದಲೇ ಪ್ರೊಜೆಸ್ಟೆರಾನ್ ಮಾಡುತ್ತದೆ. ಕೊಲೆಸ್ಟ್ರಾಲಿಗೂ ಪ್ರೊಜೆಸ್ಟೆರಾನಿಗೂ ಇರುವ ಈ ನಂಟನ್ನು ಮೊದಲು ತೋರಿಸಿದವರು ಜೀವರಸಾಯನ ವಿಜ್ಞಾನಿ ಕಾನ್ರಾಡ್ ಬ್ಲಾಕ್. ಭಾರವಾದ ಹೈಡ್ರೋಜನ್ ಆದ ಡ್ಯೂಟೀರಿಯಮ್‌ನಿಂದ ಗುರುತು ಹಾಕಿದ ಕೊಲೆಸ್ಟ್ರಾಲನ್ನು ಗರ್ಭಿಣಿಯೊಬ್ಬರಿಗೆ ಕೊಟ್ಟು, ಪ್ರೊಜೆಸ್ಟೆರಾನಿನ ಅವಶೇಷವಾದ ಪ್ರೆಗ್ನೇನ್‌ಡಯಾಲ್‌ನಲ್ಲಿ ಅದೇ ಗುರುತನ್ನು ಅವರು ಪತ್ತೆಹಚ್ಚಿದ್ದು 1945ರಲ್ಲಿ. ಕೊಲೆಸ್ಟ್ರಾಲ್ ಕುರಿತ ಸಂಶೋಧನೆಗಾಗಿಯೇ 1964ರಲ್ಲಿ ಅವರು ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಇನ್ನು ಮಗುವಿನ ಪಾಲು. ಪ್ರತಿಯೊಂದು ಹೊಸ ಜೀವಕೋಶದ ಪೊರೆಗೂ ಕೊಲೆಸ್ಟ್ರಾಲ್ ಬೇಕು. ಮಿದುಳು, ಮುಖ, ಬೆರಳುಗಳು ರೂಪುಗೊಳ್ಳಲು ಆಜ್ಞೆ ಸಾಗಿಸುವ ಪ್ರೋಟೀನೊಂದು ಕೊಲೆಸ್ಟ್ರಾಲ್ ಅಂಟಿಕೊಂಡಲ್ಲದೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಭ್ರೂಣ ತನಗೆ ಬೇಕಾದುದರಲ್ಲಿ ಹೆಚ್ಚಿನದನ್ನು ತಾನೇ ತಯಾರಿಸಿಕೊಳ್ಳುತ್ತದೆ, ಉಳಿದದ್ದು ತಾಯಿಯಿಂದ ಬರುತ್ತದೆ. ತಯಾರಿಕೆಯ ಕೊನೆಯ ಹೆಜ್ಜೆಯ ಕಿಣ್ವವೇ ಕೆಟ್ಟಿರುವ ಸ್ಮಿತ್–ಲೆಮ್ಲಿ–ಓಪಿಟ್ಸ್ ಎಂಬ ಅಪರೂಪದ ಕಾಯಿಲೆಯಲ್ಲಿ ಮಕ್ಕಳು ಚಿಕ್ಕ ತಲೆ, ಸೀಳಿದ ಅಂಗುಳ, ಅಂಟಿಕೊಂಡ ಕಾಲ್ಬೆರಳುಗಳೊಂದಿಗೆ ಹುಟ್ಟುತ್ತಾರೆ. ಅಮೆರಿಕದ ದಕ್ಷಿಣ ಕೆರೊಲಿನಾದ ತಾಯಂದಿರ ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೊಲೆಸ್ಟ್ರಾಲ್ ತೀರಾ ಕಡಿಮೆಯಿದ್ದವರಿಗೆ ದಿನ ತುಂಬಿ ಹುಟ್ಟಿದ ಮಕ್ಕಳ ತೂಕವೂ ಕಡಿಮೆ ಇದ್ದುದು ಕಂಡುಬಂತು. ಕಡಿಮೆ ಇದ್ದಷ್ಟೂ ಒಳ್ಳೆಯದು ಎಂಬ ಹೃದ್ರೋಗದ ಸೂತ್ರವನ್ನು ಬಸುರಿಯ ಮೇಲೆ ಹೇರಬಾರದೆನ್ನಲು ಇಷ್ಟು ಸಾಕು.

ಹಾಗಾದರೆ ಲಿಪಿಡ್ ವರದಿಯಲ್ಲಿ ಗಮನಿಸಬೇಕಾದದ್ದು ಏನೂ ಇಲ್ಲವೇ? ಇದೆ, ಆದರೆ ಅದು ಸಾಮಾನ್ಯವಾಗಿ ಒಟ್ಟು ಕೊಲೆಸ್ಟ್ರಾಲ್ ಅಲ್ಲ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸುಮಾರು 4,000 ಗರ್ಭಿಣಿಯರನ್ನು ಅನುಸರಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ತಿಂಗಳುಗಳಲ್ಲೇ ಟ್ರೈಗ್ಲಿಸರೈಡ್ ಹೆಚ್ಚಿದ್ದವರಿಗೆ ರಕ್ತದೊತ್ತಡ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗುವ ಪ್ರೀಎಕ್ಲಾಂಪ್ಸಿಯಾ ಮತ್ತು ಅವಧಿಪೂರ್ವ ಹೆರಿಗೆಗಳ ಸಂಭವ ಹೆಚ್ಚಿತ್ತು. ಒಟ್ಟು ಕೊಲೆಸ್ಟ್ರಾಲಿಗೆ ಅಂಥ ಸಂಬಂಧ ಕಾಣಲಿಲ್ಲ. ಪ್ರೀಎಕ್ಲಾಂಪ್ಸಿಯಾದಲ್ಲಿ ಟ್ರೈಗ್ಲಿಸರೈಡ್ ಮಾಮೂಲಿಗಿಂತ ಮೇಲೇರುತ್ತದೆ, ‘ಒಳ್ಳೆಯದು’ ಎನ್ನಿಸಿಕೊಂಡ ಎಚ್‌ಡಿಎಲ್ ಇಳಿಯುತ್ತದೆ, ಎಲ್‌ಡಿಎಲ್ ಕಣಗಳು ಸಣ್ಣದಾಗಿ ದಟ್ಟವಾಗುತ್ತವೆ. ಗರ್ಭಕೋಶದಿಂದ ಮಾಸುಚೀಲಕ್ಕೆ ರಕ್ತ ಹರಿಸುವ ಸುರುಳಿ ಧಮನಿಗಳ ಗೋಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೆಲವರಲ್ಲಿ ಕೊಬ್ಬು ತುಂಬಿ ಉಬ್ಬಿದ ಜೀವಕೋಶಗಳು ಸಾಲಾಗಿ ಕಾಣುತ್ತವೆ. ಹೃದಯದ ಧಮನಿಗಳಲ್ಲಿ ದಶಕಗಳು ಹಿಡಿಯುವ ಬದಲಾವಣೆಯನ್ನು ಹೋಲುವ ಇದು ಇಲ್ಲಿ ತಿಂಗಳುಗಳಲ್ಲೇ ಆಗಿಬಿಡುತ್ತದೆ. ಆದರೆ ಕೊಬ್ಬೇ ರೋಗದ ಮೂಲವೆಂದು ಹೇಳುವ ಹಾಗಿಲ್ಲ. ಹೆಚ್ಚು ಅಪಾಯವಿದ್ದ 1,120 ಮಂದಿಯ ಮೇಲೆ 35ರಿಂದ 37ನೇ ವಾರದಲ್ಲಿ ಕೊಲೆಸ್ಟ್ರಾಲ್ ಇಳಿಸುವ ಪ್ರವಾಸ್ಟಾಟಿನ್ ಮಾತ್ರೆ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಪ್ರೀಎಕ್ಲಾಂಪ್ಸಿಯಾ ಕಡಿಮೆಯಾಗಲಿಲ್ಲ.

ಟ್ರೈಗ್ಲಿಸರೈಡ್ 1,000 ದಾಟಿದರೆ ಮಾತ್ರ ತಡಮಾಡಬಾರದು, ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ಅದು ದಾರಿ. ಇದಕ್ಕಿಂತ ಹೆಚ್ಚಾಗಿ ನಮ್ಮ ಮನೆಗಳಲ್ಲಿ ಅಲಕ್ಷ್ಯಕ್ಕೆ ಒಳಗಾಗುವುದು ಕೆರೆತ. ಕೊಲೆಸ್ಟ್ರಾಲಿನಿಂದ ಯಕೃತ್ತು ತಯಾರಿಸುವ ಪಿತ್ತಾಮ್ಲಗಳು ಸರಾಗವಾಗಿ ಹೊರಹೋಗದೆ ರಕ್ತದಲ್ಲಿ ನಿಂತಾಗ, ಕೊನೆಯ ತಿಂಗಳುಗಳಲ್ಲಿ, ಅದರಲ್ಲೂ ರಾತ್ರಿ ಹೊತ್ತು, ಅಂಗೈ ಅಂಗಾಲುಗಳು ವಿಪರೀತ ಕೆರೆಯುತ್ತವೆ, ಗುಳ್ಳೆಗಳೇನೂ ಕಾಣುವುದಿಲ್ಲ. ‘ಬಸುರಿಯರಿಗೆ ಇದು ಮಾಮೂಲು, ಕೊಬ್ಬರಿ ಎಣ್ಣೆ ಹಚ್ಚು’ ಎಂಬ ಸಮಾಧಾನ ಹೊಟ್ಟೆಯ ಚರ್ಮ ಹಿಗ್ಗಿ ಕೆರೆಯುವಾಗ ಸರಿ, ಅಂಗೈ ಅಂಗಾಲಿಗೆ ಸಲ್ಲದು. ಪಿತ್ತಾಮ್ಲ ಲೀಟರಿಗೆ 100 ಮೈಕ್ರೊಮೋಲ್ ಮುಟ್ಟಿದ ಮೇಲೆ ಮಗು ಹೊಟ್ಟೆಯಲ್ಲೇ ತೀರಿಹೋಗುವ ಅಪಾಯ ಗಣನೀಯವಾಗಿ ಏರುತ್ತದೆ. ಇದು ಲಿಪಿಡ್ ಪ್ರೊಫೈಲಿನಲ್ಲಿ ಕಾಣುವುದಿಲ್ಲ, ಪಿತ್ತಾಮ್ಲದ ಪರೀಕ್ಷೆಯನ್ನು ಬೇರೆಯಾಗಿಯೇ ಮಾಡಿಸಬೇಕು.

ಒಂದು ಅಪವಾದವನ್ನು ಮುಚ್ಚಿಡುವುದು ಸರಿಯಾಗದು. ಬಸಿರಿಗೆ ಮೊದಲೇ ಕೊಲೆಸ್ಟ್ರಾಲ್ ಬಹಳ ಹೆಚ್ಚಿರುವ, ತಂದೆಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲಿ ಹೃದಯಾಘಾತವಾಗಿರುವ ವಂಶಗಳಿವೆ. ತಾಯಿಯ ಕೊಲೆಸ್ಟ್ರಾಲ್ ವಿಪರೀತವಿದ್ದರೆ ಭ್ರೂಣದ ಮಹಾಧಮನಿಯಲ್ಲೇ ಕೊಬ್ಬಿನ ಗೆರೆಗಳು ಹೆಚ್ಚಾಗಿ ಮೂಡಿರುವುದನ್ನು ಇಟಲಿಯ ನೇಪಲ್ಸಿನ ಸಂಶೋಧಕರು 1997ರಲ್ಲೇ ವರದಿ ಮಾಡಿದ್ದಾರೆ. ಇಂಥ ಮನೆತನದ ಹೆಣ್ಣುಮಕ್ಕಳು ಪರೀಕ್ಷೆ ಮಾಡಿಸಬೇಕಾದದ್ದು ಗರ್ಭ ಧರಿಸುವುದಕ್ಕೆ ಮೊದಲು. ಪ್ರವಾಸ್ಟಾಟಿನ್‌ನಂಥ ಸ್ಟಾಟಿನ್ ಮಾತ್ರೆಗಳನ್ನು ಬಸಿರಿನಲ್ಲಿ ಬಹುತೇಕ ಎಲ್ಲರಿಗೂ ನಿಲ್ಲಿಸುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರಲ್ಲಿ ಸಂಪೂರ್ಣ ನಿಷೇಧದ ಎಚ್ಚರಿಕೆಯನ್ನು ಸಡಿಲಿಸಿದ್ದು ತೀರಾ ಹೆಚ್ಚು ಅಪಾಯವಿರುವ ಕೆಲವರನ್ನು ಗಮನದಲ್ಲಿಟ್ಟುಕೊಂಡು. ಈ ನಿರ್ಧಾರ ವೈದ್ಯರದು, ಔಷಧದಂಗಡಿಯವರದಲ್ಲ.

ಹೆರಿಗೆಯ ನಂತರ ಲಿಪಿಡ್ ಪರೀಕ್ಷೆಗೆ ನಿಜವಾದ ಬೆಲೆ ಬರುತ್ತದೆ, ಆಗ ಯಾರೂ ಮಾಡಿಸುವುದಿಲ್ಲ! ಪ್ರೀಎಕ್ಲಾಂಪ್ಸಿಯಾ ಆದವರಿಗೆ ಮುಂದೆ ಹೃದ್ರೋಗ, ಪಾರ್ಶ್ವವಾಯು ಬರುವ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಅಮೆರಿಕದ ಹೃದ್ರೋಗ ಸಂಘ 2011ರಲ್ಲೇ ಪ್ರೀಎಕ್ಲಾಂಪ್ಸಿಯಾ ಮತ್ತು ಗರ್ಭಾವಧಿಯ ಮಧುಮೇಹಗಳನ್ನು ಮಹಿಳೆಯರ ಹೃದಯಕ್ಕೆ ಅಪಾಯ ತರುವ ಅಂಶಗಳ ಪಟ್ಟಿಗೆ ಸೇರಿಸಿದೆ. ಬಾಣಂತನ ಮುಗಿದು ಮಗುವಿನ ಚುಚ್ಚುಮದ್ದಿಗೆ ತಪ್ಪದೆ ಬರುವ ತಾಯಿಯ ರಕ್ತದೊತ್ತಡವನ್ನು ಅದೇ ದಿನ ನೋಡಿ, ಮೂರು ತಿಂಗಳು ಕಳೆದ ಮೇಲೆ ಒಮ್ಮೆ ಲಿಪಿಡ್ ಪರೀಕ್ಷೆ ಮಾಡಿಸುವಂತೆ ತಾಯಿ ಕಾರ್ಡಿನಲ್ಲಿ ಬರೆದುಕೊಡುವುದು ಆರೋಗ್ಯ ಇಲಾಖೆಗೆ ಭಾರವಾಗಲಾರದು.

ಪ್ರಯೋಗಾಲಯಗಳಿಗೂ ನಾನು ಕೇಳುತ್ತಿರುವುದು ದೊಡ್ಡದಲ್ಲ. ಗರ್ಭಿಣಿಯರ ಟಿಎಸ್‌ಎಚ್ (ಥೈರಾಯ್ಡ್) ವರದಿಯಲ್ಲಿ ಮೊದಲ, ಎರಡನೇ, ಮೂರನೇ ತ್ರೈಮಾಸಿಕದ ಮಿತಿಗಳನ್ನು ಅನೇಕ ಪ್ರಯೋಗಾಲಯಗಳು ಈಗಾಗಲೇ ಬೇರೆಬೇರೆಯಾಗಿ ಮುದ್ರಿಸುತ್ತಿವೆ. ಅದೇ ತಂತ್ರಾಂಶದಲ್ಲಿ ಲಿಪಿಡ್ ಪ್ರೊಫೈಲಿಗೂ ಮೂರು ಸಾಲು ಸೇರಿಸಬಹುದು. ಅಲ್ಲಿಯವರೆಗೆ ಗರ್ಭಿಣಿಯರ ವರದಿಯಲ್ಲಿ ಈ ಅಂಕಿಗಳ ಮುಂದೆ ಕೆಂಪು ಗುರುತು ಹಾಕದೆ, ವೈದ್ಯರಿಗೆ ತೋರಿಸಿ ಎಂದಷ್ಟೇ ಬರೆದರೂ ಆದೀತು.

– ನಿವೃತ್ತ ಜೀವರಸಾಯನಶಾಸ್ತ್ರ ಅಧ್ಯಾಪಕಿ, ಮೈಸೂರು